ಕುಪ್ಪಳಿಯ ಮರದ ಮನೆ, ಅದರೊಳಗೆ ಬೆಳೆದ ಹುಡುಗ: ಕುವೆಂಪು ಬದುಕಿನ ಕಥೆ

ದಾವಣಗೆರೆ: ನಮ್ಮ ಜಿಲ್ಲೆಯಲ್ಲಿ 2009ಕ್ಕಿಂತ ಮುಂಚೆ ಡಿಗ್ರಿ ಮುಗಿಸಿದವರು ಬೀರುವಿನಲ್ಲಿರೋ ಸರ್ಟಿಫಿಕೇಟ್ ಒಮ್ಮೆ ತೆಗೆದು ನೋಡಿ. ಸಾವಿರಾರು ಜನರ ಸರ್ಟಿಫಿಕೇಟಿನ ಮೇಲೆ ಕುವೆಂಪು ವಿಶ್ವವಿದ್ಯಾಲಯ ಅಂತ ಇರುತ್ತೆ. ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾಗಿ ಹುಟ್ಟಿದ್ದು 2009ರಲ್ಲಿ. ಅಲ್ಲಿವರೆಗೆ ನಮ್ಮ ಮಕ್ಕಳ ಅಂಕಪಟ್ಟಿ ಬರುತ್ತಿದ್ದದ್ದು ಶಂಕರಘಟ್ಟದಿಂದ, ಆ ಕವಿಯ ಹೆಸರು ಹೊತ್ತುಕೊಂಡು.

ಇನ್ನೊಂದು ಲೆಕ್ಕ ಬಹಳ ಜನಕ್ಕೆ ಮರೆತೇ ಹೋಗಿದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದ್ರೆ ಅವರು ಇದ್ದಷ್ಟು ಕಾಲ ಹೊನ್ನಾಳಿ, ಚನ್ನಗಿರಿಯ ಜನ ಮತ್ತು ಕುಪ್ಪಳಿಯ ಜನ ಒಂದೇ ಜಿಲ್ಲೆಯವರು. ಹರಿಹರದವರಿಗೆ ನಂಟು ನೀರಿನದು. ತೀರ್ಥಹಳ್ಳಿ ಮುಂದೆ ಹರಿಯೋ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಹೊನ್ನಾಳಿ ದಾಟಿ, ಹರಿಹರಕ್ಕೆ ತುಂಗಭದ್ರೆಯಾಗಿ ಬರುತ್ತಾಳೆ.

ರಾಷ್ಟ್ರಕವಿ, ಜ್ಞಾನಪೀಠ, ನಾಡಗೀತೆ ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಮನುಷ್ಯ ಬೆಳೆದ ಮನೆ ಹೇಗಿತ್ತು, ಅದನ್ನು ಹೇಗೆ ಕಟ್ಟಿದ್ದರು, ಆ ಮನೆ ಅವರಿಗೆ ಏನು ಕೊಟ್ಟಿತು, ಅದರಲ್ಲಿ ಅವರು ಏನನ್ನು ಒಪ್ಪಲಿಲ್ಲ ಅನ್ನೋದು ಅಷ್ಟಾಗಿ ಚರ್ಚೆಗೆ ಬರೋದಿಲ್ಲ. ಹಳೇ ಮನೆಗಳು ದಿನಕ್ಕೊಂದರಂತೆ ಜೆಸಿಬಿ ಬಾಯಿಗೆ ಹೋಗುತ್ತಿರೋ ಈ ಹೊತ್ತಿನಲ್ಲಿ ಆ ಕಥೆ ಹೇಳಬೇಕಾದದ್ದೇ.

ಹೆಸರಿನಲ್ಲೇ ಊರು

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಇದು ಪೂರ್ತಿ ಹೆಸರು. ಇದನ್ನು ಕುಗ್ಗಿಸಿದರೆ ಕುವೆಂಪು. ಅಂದ್ರೆ ಕಾವ್ಯನಾಮದ ಮೊದಲ ಅಕ್ಷರವೇ ಊರಿನದು. ಹುಟ್ಟಿದ್ದು ಮಾತ್ರ ಕುಪ್ಪಳಿಯಲ್ಲಲ್ಲ. ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು. ತಂದೆ ವೆಂಕಟಪ್ಪ ಗೌಡರು, ತಾಯಿ ಸೀತಮ್ಮ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗೋದು ನಮ್ಮ ಕಡೆ ಇದ್ದಂತೆಯೇ ಅಲ್ಲೂ ವಾಡಿಕೆ.

ಕೂಸು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆಯಲ್ಲಿ. ಕುಪ್ಪಳಿ ಅಂದ್ರೆ ನಮ್ಮ ಬಯಲುಸೀಮೆ ಹಳ್ಳಿಗಳ ಹಾಗೆ ಮನೆಗೆ ಮನೆ ತಾಗಿಕೊಂಡು ಬೀದಿ, ಅಗಸೆ, ಕಟ್ಟೆ ಇರೋ ಊರಲ್ಲ. ಮಲೆನಾಡಿನಲ್ಲಿ ಒಂದು ದೊಡ್ಡ ಮನೆ, ಅದರ ಗದ್ದೆ, ಅಡಿಕೆ ತೋಟ, ಕೊಟ್ಟಿಗೆ, ಆಳುಮಕ್ಕಳ ಬಿಡಾರ ಸೇರಿದರೆ ಅದೇ ಒಂದು ಊರು. ಪಕ್ಕದ ಮನೆಗೆ ಹೋಗಬೇಕು ಅಂದ್ರೂ ಕಾಡು ದಾಟಬೇಕು. ಹಾಗಾಗಿ ಅಲ್ಲಿ ಮನೆ ಅನ್ನೋದು ಬರೀ ಮಲಗೋ ಜಾಗ ಆಗಿರಲಿಲ್ಲ. ಕಣಜ, ಶಾಲೆ, ಪಂಚಾಯ್ತಿ ಕಟ್ಟೆ, ಆಸ್ಪತ್ರೆ, ಛತ್ರ ಎಲ್ಲಾ ಅದೇ.

ಮನೆ ಕಟ್ಟಿದ ಬಗೆ

ಕುಪ್ಪಳಿ ಮನೆ ಮೂರು ಅಂತಸ್ತಿನದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ನಾಲ್ಕೂ ಮಗ್ಗುಲಿಗೆ ಜಗಲಿ, ಕೋಣೆಗಳು. ಇಂಥ ಮನೆಗೆ ಮಲೆನಾಡಿನಲ್ಲಿ ಚೌಕಿ ಮನೆ ಅಂತಾರೆ, ಬೇರೆ ಕಡೆ ತೊಟ್ಟಿ ಮನೆ ಅಂತಾರೆ. ಚೌಕಿ ಅಂದ ತಕ್ಷಣ ನಮ್ಮೋರಿಗೆ ಚೌಕಿಪೇಟೆ ನೆನಪಾಗಬಹುದು. ಇಲ್ಲಿ ಚೌಕಿ ಅಂದ್ರೆ ಚೌಕಾಕಾರದ ಅಂಗಳ ಸುತ್ತಿದ ಮನೆ.

ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳೋದು ದಪ್ಪ ದಪ್ಪ ಮರದ ಕಂಬಗಳು, ಅವುಗಳ ಮೇಲಿನ ಕೆತ್ತನೆ. ಆದರೆ ಕಂಬ ಅಲಂಕಾರಕ್ಕೆ ನಿಂತಿಲ್ಲ. ಇಂಥ ಮನೆಗಳ ಗುಟ್ಟು ಅಲ್ಲೇ ಇರೋದು. ಈಗಿನ ಕಾಲಕ್ಕೆ ಹೋಲಿಸಿದರೆ ಅರ್ಥ ಆಗುತ್ತೆ. ನಾವು ಈಗ ಕಟ್ಟೋ ಬಿಲ್ಡಿಂಗಿನಲ್ಲಿ ಭಾರ ಹೊರೋದು ಪಿಲ್ಲರ್ರು, ಬೀಮು. ನಡುವಿನ ಇಟ್ಟಿಗೆ ಗೋಡೆ ಬರೀ ಮರೆ. ಹಳೇ ಮರದ ಮನೆಯ ಲೆಕ್ಕವೂ ಬಹುಮಟ್ಟಿಗೆ ಅದೇ, ಕಬ್ಬಿಣ ಸಿಮೆಂಟಿನ ಬದಲು ಮರ ಅಷ್ಟೇ.

ಮೊದಲು ನೆಲದಲ್ಲಿ ಕಲ್ಲಿನ ಪೀಠ. ಮರ ಯಾವತ್ತೂ ಮಣ್ಣಿಗೆ ತಾಗಬಾರದು, ತಾಗಿದರೆ ತೇವ ಹತ್ತುತ್ತೆ, ಗೆದ್ದಲು ಹಿಡಿಯುತ್ತೆ. ಕಲ್ಲಿನ ಮೇಲೆ ಕಂಬ. ಕಂಬದ ತಲೆ ಮೇಲೆ ಎರಡೂ ಕಡೆ ಕೈ ಚಾಚಿದ ಬೋದಿಗೆ. ಬೋದಿಗೆ ಮೇಲೆ ಉದ್ದದ ತೊಲೆ. ತೊಲೆ ಮೇಲೆ ಅಡ್ಡಡ್ಡ ಜಂತೆ. ಜಂತೆ ಮೇಲೆ ಹಲಗೆ ಹಾಸಿ, ಮಣ್ಣು ಬಡಿದರೆ ಉಪ್ಪರಿಗೆಗೆ ನೆಲ ಸಿದ್ಧ. ಹಳೇ ಬಡಗಿಗಳು ಒಂದು ಮರದಲ್ಲಿ ಗುಳಿ ತೋಡಿ, ಇನ್ನೊಂದಕ್ಕೆ ನಾಲಿಗೆ ಬಿಟ್ಟು, ಎರಡನ್ನೂ ಕೂರಿಸಿ, ಮರದ ಗೂಟ ಬಡಿದು ಬಿಗಿ ಮಾಡುತ್ತಿದ್ದರು. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಗೂಟದ ಕೀಲು ಅದರ ಜೊತೆಗೇ ಆಡುತ್ತೆ. ಕಬ್ಬಿಣದ ಮೊಳೆ ಆಡೋದಿಲ್ಲ, ತುಕ್ಕು ಹಿಡಿದು ಮರವನ್ನೇ ಸೀಳುತ್ತೆ.

ಮೇಲೆ ಕಡಿದಾದ ಇಳಿಜಾರಿನ ಸೂರು. ಪಕಾಸಿ, ರೀಪು, ಅದರ ಮೇಲೆ ಹೆಂಚು. ಸೂರಿನ ಅಂಚು ಗೋಡೆಯಿಂದ ಬಹಳ ಮುಂದಕ್ಕೆ ಬರಬೇಕು, ಯಾಕಂದ್ರೆ ಎರಚಲು ಬಡಿದರೆ ಮಣ್ಣಿನ ಗೋಡೆ ಕರಗಿ ಹೋಗುತ್ತೆ. ದಾವಣಗೆರೆಗೆ ವರ್ಷಕ್ಕೆ ಬೀಳೋ ಮಳೆ ಸುಮಾರು 650 ಮಿಲಿಮೀಟರ್. ತೀರ್ಥಹಳ್ಳಿ ಸೀಮೆಗೆ ಅದರ ನಾಲ್ಕು ಪಟ್ಟಿನಷ್ಟು. ಅಲ್ಲಿ ಮನೆ ಕಟ್ಟೋನು ಮೊದಲು ಮಳೆಗೆ ಉತ್ತರ ಹೇಳಬೇಕು, ಆಮೇಲೆ ಉಳಿದದ್ದು.

ನಡು ಅಂಗಳಕ್ಕೂ ಕಾರಣ ಉಂಟು. ಹೊರಗಡೆ ಕಿಟಕಿ ಕಮ್ಮಿ, ಸುತ್ತ ಕಾಡು, ಹುಲಿ ಚಿರತೆ ಕಾಟ. ಬೆಳಕು ಗಾಳಿ ಬರಬೇಕಾದ್ದು ಮೇಲಿನಿಂದಲೇ. ಮಳೆಗಾಲದ ನಾಲ್ಕು ತಿಂಗಳು ಹೊರಗೆ ಕಾಲಿಡೋಕೆ ಆಗದಾಗ ಹೆಂಗಸರು ಮಕ್ಕಳಿಗೆ ಅದೇ ಜಗತ್ತು. ಇನ್ನು ಅಡಿಗೆ ಮನೆ, ಬಚ್ಚಲು ಒಲೆಯ ಹೊಗೆ. ಈಗಿನೋರು ಹೊಗೆ ಅಂದ್ರೆ ಮೂಗು ಮುಚ್ಚುತ್ತಾರೆ, ಆದರೆ ಆ ಹೊಗೆಯೇ ತೊಲೆ ಜಂತೆಗೆ ಹುಳ ಹಿಡಿಯದ ಹಾಗೆ ಕಾಯುತ್ತಿತ್ತು. ಒಲೆ ಆರಿದ ಮನೆ ಬೇಗ ಬೀಳುತ್ತೆ ಅನ್ನೋ ಹಿರಿಯರ ನಂಬಿಕೆಯಲ್ಲಿ ಈ ಸತ್ಯ ಇದೆ.

ನಮ್ಮ ಬಯಲುಸೀಮೆಯ ಮಾಳಿಗೆ ಮನೆಯನ್ನು ಇದರ ಪಕ್ಕ ಇಟ್ಟು ನೋಡಿ. ನಮ್ಮಲ್ಲೂ ಕಂಬ, ಬೋದಿಗೆ, ತೊಲೆ, ಜಂತೆ ಎಲ್ಲಾ ಅದೇ. ಆದರೆ ಮೇಲೆ ಇಳಿಜಾರಿಲ್ಲ, ಚಪ್ಪಟೆ ಮಾಳಿಗೆ. ಜಂತೆ ಮೇಲೆ ಸಣ್ಣ ಕಟ್ಟಿಗೆ ಹೆಣೆದು, ಸೊಪ್ಪು ಹಾಸಿ, ಕರಲು ಮಣ್ಣು ಹಾಕಿ ಬಡಿಯೋದು. ಬೆಳಕಿಗೆ ಗವಾಕ್ಷಿ. ಬಿಸಿಲಿನ ನಾಡಿಗೆ ಅದು ಸರಿ, ಮಳೆ ನಾಡಿಗೆ ಇದು ಸರಿ. ಬಡಗಿಯ ಮಾತು ಒಂದೇ, ಮಳೆಯ ಲೆಕ್ಕ ಬೇರೆ.

ಮನೆಯೇ ಮೊದಲ ಶಾಲೆ

ಪುಟ್ಟಪ್ಪನಿಗೆ ಅಕ್ಷರ ಕಲಿಸಿದ್ದು ಈ ಮನೆಯೇ. ಕಾಡಿನ ನಡುವೆ ಶಾಲೆ ಎಲ್ಲಿಂದ ಬರಬೇಕು? ದಕ್ಷಿಣ ಕನ್ನಡದ ಕಡೆಯಿಂದ ಮೇಷ್ಟ್ರೊಬ್ಬರನ್ನು ಕರೆಸಿ ಮನೆಯಲ್ಲೇ ಪಾಠ ಹೇಳಿಸಿದರು. ಮಲೆನಾಡಿನ ದೊಡ್ಡ ಮನೆಗಳಲ್ಲಿ ಆಗ ಇದೇ ರೂಢಿ. ಇಂಥ ಮೇಷ್ಟ್ರಿಗೆ ಐಗಳು ಅಂತ ಕರೆಯುತ್ತಿದ್ದರು. ಮಳೆಗಾಲದ ರಾತ್ರಿ ಜೈಮಿನಿ ಭಾರತ, ತೊರವೆ ರಾಮಾಯಣ ಓದಿಸಿ ಕೇಳೋದು ಆ ಸೀಮೆಯ ಪದ್ಧತಿ. ರಾಮಾಯಣವನ್ನು ಮುಂದೆ ತನ್ನದೇ ರೀತಿಯಲ್ಲಿ ಬರೆದ ಮಹಾಕವಿಯ ಹಿಂದೆ ಇಂಥ ರಾತ್ರಿಗಳಿದ್ದವು.

ನಂತರ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಹುಡುಗನಿಗೆ ಕೇವಲ 12 ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಕೂಡು ಕುಟುಂಬ ಅಂದ್ರೆ ಊಟಕ್ಕೆ ಕೊರತೆ ಬರಲಿಕ್ಕಿಲ್ಲ, ಆದರೆ ಅಪ್ಪ ಇಲ್ಲದ ಮಗನ ಓದಿನ ಬಗ್ಗೆ ಯಾರಿಗೆ ಎಷ್ಟು ಕಾಳಜಿ ಇರುತ್ತೆ ಅನ್ನೋದು ಎಲ್ಲಾ ಮನೆಗಳಿಗೂ ಗೊತ್ತಿರೋ ವಿಷಯ. ಗದ್ದೆ ತೋಟ ನೋಡಿಕೊಂಡು ಅಲ್ಲೇ ಉಳಿದಿದ್ದರೆ ಕುಪ್ಪಳಿ ಪುಟ್ಟಪ್ಪ ಗೌಡ ಅಂತ ಒಬ್ಬ ಜಮೀನ್ದಾರ ಆಗಿರುತ್ತಿದ್ದ, ಅಷ್ಟೇ. ಹುಡುಗ ಮೈಸೂರಿಗೆ ಹೊರಟ. ವೆಸ್ಲಿಯನ್ ಹೈಸ್ಕೂಲು, ಆಮೇಲೆ ಮಹಾರಾಜಾ ಕಾಲೇಜು.

ಶುರುವಿನಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲೇ ಇಂಗ್ಲಿಷ್ ಪದ್ಯಗಳ ಪುಟ್ಟ ಪುಸ್ತಕ ಹೊರಗೆ ಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಅವರಿಗೆ ತೋರಿಸಿದರು. ನಿನ್ನ ಭಾಷೆಯಲ್ಲಿ ಯಾಕೆ ಬರೆಯೋದಿಲ್ಲ ಅನ್ನೋ ಅರ್ಥದ ಅವರ ಮಾತು ಹುಡುಗನಿಗೆ ಮೊದಲು ಬೇಸರ ತಂದರೂ ಒಳಗೆ ನಾಟಿತು. ಕನ್ನಡಕ್ಕೆ ತಿರುಗಿದ ಮೇಲೆ ಹಿಂದೆ ನೋಡಲಿಲ್ಲ.

ಕಾಲೇಜು ದಿನಗಳಲ್ಲಿ ಜ್ವರ ಬಂದು ಮಲಗಿದಾಗ ನೋಡಿಕೊಂಡದ್ದು ಮೈಸೂರಿನ ರಾಮಕೃಷ್ಣಾಶ್ರಮ. ಅಲ್ಲೇ ಹಲವು ವರ್ಷ ಉಳಿದರು. ಹುಟ್ಟಿದ ಮನೆ ಬಿಟ್ಟವನಿಗೆ ಅದು ಎರಡನೇ ಮನೆ. 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜಾ ಕಾಲೇಜಿನಲ್ಲೇ ಕನ್ನಡ ಅಧ್ಯಾಪಕರಾದರು.

ತಳುಕಿನ ಗುರು

ಇಲ್ಲಿ ನಮ್ಮ ಸೀಮೆಯವರು ಹೆಮ್ಮೆಪಡಬೇಕಾದ ಒಬ್ಬರ ಹೆಸರು ಬರುತ್ತೆ. ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯ, ಅಂದ್ರೆ ಟಿ.ಎಸ್. ವೆಂಕಣ್ಣಯ್ಯನವರು. ಚಳ್ಳಕೆರೆ ತಾಲ್ಲೂಕಿನ ತಳುಕು ಅವರ ಊರು. ದಾವಣಗೆರೆಯೂ ಅದೇ ಹಳೇ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಮೈಸೂರಿನಲ್ಲಿ ಕುವೆಂಪುಗೆ ಗುರು ಆಗಿ ಸಿಕ್ಕವರು ಅವರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಕುವೆಂಪು ಹತ್ತಿರ ಹತ್ತಿರ ಒಂಬತ್ತು ವರ್ಷ ಕೂತು ಬರೆದ ಶ್ರೀ ರಾಮಾಯಣ ದರ್ಶನಂ 1949ರಲ್ಲಿ ಅಚ್ಚಾಯಿತು. ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ.

ಕುಪ್ಪಳಿ ಮನೆಯ ಹಿಂದಿನ ಗುಡ್ಡದ ಮೇಲೆ ಕವಿಶೈಲ ಅನ್ನೋ ಬಂಡೆ ಇದೆ. ಬಿ.ಎಂ. ಶ್ರೀಕಂಠಯ್ಯನವರು, ವೆಂಕಣ್ಣಯ್ಯನವರು ಶಿಷ್ಯನ ಊರಿಗೆ ಬಂದು ಹೋದ ಗುರುತಾಗಿ ಅವರ ಹೆಸರು ಕುವೆಂಪು ಹೆಸರಿನ ಜೊತೆ ಆ ಬಂಡೆ ಮೇಲೆ ಕೆತ್ತಿದ್ದು ಈಗಲೂ ಕಾಣುತ್ತೆ. ಬಯಲುಸೀಮೆಯ ಮೇಷ್ಟ್ರ ಹೆಸರು ಮಲೆನಾಡಿನ ಕಲ್ಲಿನ ಮೇಲೆ ಕೂತಿದೆ.

ಮನೆಯನ್ನು ಮೆಚ್ಚಿದರು, ಮುಚ್ಚಿಡಲಿಲ್ಲ

1933ರಲ್ಲಿ ಮಲೆನಾಡಿನ ಚಿತ್ರಗಳು ಬಂತು. 1936ರಲ್ಲಿ ಕಾನೂರು ಹೆಗ್ಗಡಿತಿ. 1967ರಲ್ಲಿ ಮಲೆಗಳಲ್ಲಿ ಮದುಮಗಳು. ಇವೆಲ್ಲದರಲ್ಲೂ ಚೌಕಿ ಮನೆಯ ಜಗಲಿ, ಉಪ್ಪರಿಗೆ, ಬಚ್ಚಲು, ಕೊಟ್ಟಿಗೆ, ಕಣಗಳು ತುಂಬಿಕೊಂಡಿವೆ. ಇಂಥ ಮನೆಯನ್ನೇ ನೋಡದ ಓದುಗನಿಗೂ ಯಾವ ಬಾಗಿಲು ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಾಗಿಬಿಡುತ್ತೆ.

ಆದರೆ ಒಂದು ಮಾತು. ಹಳೇ ಮನೆಯನ್ನು ಕಂಡು ಆಹಾ ಎಷ್ಟು ಚೆಂದ ಅಂತ ಕಣ್ಣೀರು ಸುರಿಸೋ ಜಾತಿಯ ಬರಹಗಾರ ಅಲ್ಲ ಅವರು. ಅಂಥ ಮನೆಯ ಕಂಬ ಎಷ್ಟು ಗಟ್ಟಿಯೋ ಒಳಗಿನ ಕಟ್ಟಳೆಯೂ ಅಷ್ಟೇ ಗಟ್ಟಿ. ಯಾರು ಜಗಲಿ ಮೇಲೆ ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಹೆಬ್ಬಾಗಿಲ ಆಚೆಯೇ ಇರಬೇಕು ಅನ್ನೋದು ಜಾತಿ ನೋಡಿ ತೀರ್ಮಾನ ಆಗುತ್ತಿತ್ತು. ಆ ದೊಡ್ಡ ತೊಲೆಗಳನ್ನು ಕಾಡಿನಿಂದ ಎಳೆದು ತಂದ ಆಳಿಗೆ ಅದೇ ತೊಲೆಯ ಕೆಳಗೆ ಕೂರೋ ಹಕ್ಕಿರಲಿಲ್ಲ. ಹೆಂಗಸರಿಗೆ ಅಡಿಗೆ ಮನೆ, ನಡು ಅಂಗಳ ಅಷ್ಟೇ ಪ್ರಪಂಚ. ಕುವೆಂಪು ಇದನ್ನೆಲ್ಲಾ ಮರೆಮಾಚದೆ ಬರೆದರು. ಗೌಡರ ಮನೆಯಲ್ಲಿ ಹುಟ್ಟಿದವರೇ ಗೌಡಿಕೆಯ ದರ್ಪ, ಜೀತದ ಸಂಕಟ ಬರೆದರು ಅನ್ನೋದು ಸಣ್ಣ ವಿಷಯ ಅಲ್ಲ.

ಹಿಸ್ಸೆಯ ಕಥೆಯೂ ಅಲ್ಲಿದೆ. ಕಾನೂರು ಹೆಗ್ಗಡಿತಿಯಲ್ಲಿ ಚಂದ್ರಯ್ಯ ಗೌಡರ ದೊಡ್ಡ ಮನೆ ಪಾಲಾಗುತ್ತೆ. ಓದಿದ ಹುಡುಗ ಹೂವಯ್ಯ ತಾಯಿಯನ್ನು ಕರೆದುಕೊಂಡು ಕೆಳಕಾನೂರಿಗೆ ಹೋಗಿ ಬೇರೆ ಸಂಸಾರ ಹೂಡುತ್ತಾನೆ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಮೊದಲು ಒಡೆಯೋದು ಒಲೆ, ಆಮೇಲೆ ಮನಸ್ಸು, ಕೊನೆಗೆ ಮನೆ. ಈ ಕಾದಂಬರಿಯನ್ನು ಗಿರೀಶ ಕಾರ್ನಾಡರು 1999ರಲ್ಲಿ ಸಿನಿಮಾ ಮಾಡಿದರು.

ಮದುವೆ ವಿಷಯದಲ್ಲೂ ಅವರ ನಿಲುವು ನೇರ. 1937ರ ಏಪ್ರಿಲ್ 30ರಂದು ಹೇಮಾವತಿಯವರನ್ನು ಮದುವೆಯಾದರು. ಮುಂದೆ ಸಾಲ ಮಾಡಿ ಮದುವೆ ಮಾಡೋ ಪದ್ಧತಿಗೆ ವಿರುದ್ಧ ನಿಂತು, ಸರಳ ಮದುವೆಗೆ ಮಂತ್ರ ಮಾಂಗಲ್ಯ ಅನ್ನೋ ಕ್ರಮ ಬರೆದುಕೊಟ್ಟರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮದುವೆಯನ್ನು ಹಾಗೇ ಮಾಡಿದರು. ಕಲ್ಯಾಣ ಮಂಟಪದ ಬಾಡಿಗೆಗೆ ಹೊಲ ಅಡ ಇಡೋ ಕುಟುಂಬಗಳು ನಮ್ಮ ತಾಲ್ಲೂಕಿನಲ್ಲಿ ಇಂದಿಗೂ ಇವೆ, ಅವರು ತಿಳಿಯಬೇಕಾದ ವಿಷಯ ಇದು.

ದೊಡ್ಡ ಹುದ್ದೆ, ದೊಡ್ಡ ಗೌರವ

1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲ್, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಅದಕ್ಕೇ ಕುಲಪತಿಯಾದ ಮೊದಲಿಗರು. ಮಾನಸಗಂಗೋತ್ರಿ ಕಟ್ಟಿದ್ದು, ಅದಕ್ಕೆ ಆ ಹೆಸರಿಟ್ಟಿದ್ದು ಅವರೇ. ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಯಬಹುದು ಅಂತ ಹಟ ಹಿಡಿದು ಪಠ್ಯ ಮಾಡಿಸಿದರು.

1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ, 1964ರಲ್ಲಿ ರಾಷ್ಟ್ರಕವಿ, 1967ರಲ್ಲಿ ಜ್ಞಾನಪೀಠ. ಕನ್ನಡಕ್ಕೆ ಜ್ಞಾನಪೀಠ ತಂದವರಲ್ಲಿ ಅವರೇ ಮೊದಲು. 1988ರಲ್ಲಿ ಪದ್ಮವಿಭೂಷಣ, 1992ರಲ್ಲಿ ಡಾ. ರಾಜ್‌ಕುಮಾರ್ ಜೊತೆ ಕರ್ನಾಟಕ ರತ್ನ. ಅವರ ಗೀತೆ ನಾಡಗೀತೆ ಅಂತ ಅಧಿಕೃತವಾದದ್ದು 2004ರಲ್ಲಿ, ಅವರು ಹೋಗಿ ಹತ್ತು ವರ್ಷದ ಮೇಲೆ. ಮೈಸೂರಿನಲ್ಲಿ ಉದಯರವಿ ಅಂತ ಸ್ವಂತ ಮನೆ ಕಟ್ಟಿಕೊಂಡು ಕೊನೆವರೆಗೂ ಅಲ್ಲೇ ಇದ್ದರು.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ಕೊನೆಯುಸಿರು. ಆದರೆ ಮಣ್ಣು ಸೇರಿದ್ದು ಕುಪ್ಪಳಿಯ ಕವಿಶೈಲದಲ್ಲಿ. ಅಲ್ಲಿ ಈಗ ಕಾಣೋ ಬೃಹತ್ ಕಲ್ಲುಗಳ ರಚನೆ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ.

ಮನೆ ಉಳಿದದ್ದು ಹೇಗೆ

ಮನುಷ್ಯ ಊರು ಬಿಟ್ಟ ಮೇಲೆ ಮರದ ಮನೆ ತಾನಾಗೇ ಉಳಿಯೋದಿಲ್ಲ. ಒಂದು ಹೆಂಚು ಒಡೆದರೆ ನೀರು ಪಕಾಸಿಗೆ ಇಳಿಯುತ್ತೆ, ಪಕಾಸಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ. ಎರಡು ಮಳೆಗಾಲ ಕೈ ಬಿಟ್ಟರೆ ಸಾಕು. ಕುಪ್ಪಳಿ ಮನೆಯೂ ಜೀರ್ಣವಾಗಿತ್ತು. 1992ರಲ್ಲಿ ಹುಟ್ಟಿದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ಕೈಗೆತ್ತಿಕೊಂಡು, ಹಳೇ ರೂಪದಲ್ಲೇ ಜೀರ್ಣೋದ್ಧಾರ ಮಾಡಿಸಿ, ಕವಿಮನೆ ಅನ್ನೋ ಸಂಗ್ರಹಾಲಯ ಮಾಡಿತು. ಅಡಿಗೆ ಪಾತ್ರೆ, ಬಚ್ಚಲ ಹಂಡೆ, ಬೇಸಾಯದ ಸಾಮಾನು, ಮದುವೆ ಮಂಟಪ, ಪುಸ್ತಕ, ಪ್ರಶಸ್ತಿಗಳನ್ನು ಅಲ್ಲಿ ನೋಡಬಹುದು.

2015ರ ನವೆಂಬರಿನಲ್ಲಿ ಅಲ್ಲಿ ಕಳ್ಳತನ ಆಯ್ತು. ಪದ್ಮ ಪ್ರಶಸ್ತಿಯ ಪದಕಗಳು ಹೋದವು, ಜ್ಞಾನಪೀಠದ ಪ್ರಶಸ್ತಿ ಉಳಿಯಿತು. ನಾಡಿಗೇ ನೋವಾದ ಸಂಗತಿ ಅದು. ಮನೆ ಉಳಿಸೋದು ಒಮ್ಮೆ ದುಡ್ಡು ಹಾಕಿ ಮುಗಿಸೋ ಕೆಲಸ ಅಲ್ಲ, ದಿನಾ ಕಾಯಬೇಕಾದ ಕೆಲಸ ಅನ್ನೋದನ್ನು ಆ ಘಟನೆ ತೋರಿಸಿತು.

ಹೋಗೋದು ಹೇಗೆ

ದಾವಣಗೆರೆಯಿಂದ ಹರಿಹರ, ಹೊನ್ನಾಳಿ ಮೇಲೆ ಅಥವಾ ಚನ್ನಗಿರಿ ಮೇಲೆ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್. ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆ ಹಿಡಿದರೆ ಕುಪ್ಪಳಿ. ಬೆಳಿಗ್ಗೆ ಬೇಗ ಹೊರಟರೆ ರಾತ್ರಿ ಅಂಗಡಿ ಲೆಕ್ಕ ನೋಡೋ ಹೊತ್ತಿಗೆ ವಾಪಸ್ ಬರಬಹುದು. ಮಕ್ಕಳನ್ನು ಕರೆದುಕೊಂಡು ಹೋದರೆ ಫೋಟೋ ತೆಗೆಯೋ ಮೊದಲು ಕಂಬದ ಬುಡ, ಬೋದಿಗೆ, ಕೀಲು ತೋರಿಸಿ. ಹೆಬ್ಬಾಗಿಲ ಹೊರಗೆ ಒಂದು ನಿಮಿಷ ನಿಲ್ಲಿಸಿ, ಯಾರ್ಯಾರು ಇಲ್ಲಿಂದ ಮುಂದೆ ಬರೋ ಹಾಗಿರಲಿಲ್ಲ ಅನ್ನೋದನ್ನೂ ಹೇಳಿ. ಎರಡೂ ಸೇರಿದರೇ ಆ ಮನೆ ಪೂರ್ತಿ ಅರ್ಥ ಆಗೋದು.

ನಮ್ಮ ಮಾಳಿಗೆಗಳ ಗತಿ

ಎಲ್ಲಾ ಮನೆಯಲ್ಲೂ ಕುವೆಂಪು ಹುಟ್ಟೋದಿಲ್ಲ, ಎಲ್ಲಾ ಮನೆಗೂ ಪ್ರತಿಷ್ಠಾನ ಬರೋದಿಲ್ಲ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಇನ್ನೂ ನಿಂತಿರೋ ಮಾಳಿಗೆ ಮನೆಗಳನ್ನು ಪಾಲು ಆದ ಮೇಲೆ ಕೆಡವುತ್ತಾರೆ. ತಪ್ಪು ಅನ್ನೋಕಾಗಲ್ಲ. ಮಾಳಿಗೆ ಸೋರುತ್ತೆ, ಮಣ್ಣು ಬಡಿಯೋರು ಸಿಗೋದಿಲ್ಲ, ಮೂರು ಜನ ಅಣ್ಣತಮ್ಮಂದಿರಿಗೆ ಒಂದೇ ಹಜಾರ ಸಾಲೋದಿಲ್ಲ. ಸಿಮೆಂಟಿನ ಮನೆ ಬೇಕು ಅನ್ನೋದು ನ್ಯಾಯವೇ.

ಆದರೆ ಕೆಡವೋ ಮುಂಚೆ ಮೂರು ಕೆಲಸ ಮಾಡಬಹುದು, ಖರ್ಚೂ ಇಲ್ಲ. ಒಂದು, ಮೊಬೈಲಿನಲ್ಲೇ ಪ್ರತಿ ಕೋಣೆ, ಪ್ರತಿ ಕಂಬ, ಮಾಳಿಗೆಯ ಒಳಭಾಗದ ಫೋಟೋ ತೆಗೆದಿಡೋದು. ಎರಡು, ಮನೆಯ ಹಿರಿಯರನ್ನೋ ಊರ ಹಳೇ ಬಡಗಿಯನ್ನೋ ಕೂರಿಸಿ ಪ್ರತಿ ಭಾಗದ ಹೆಸರು, ಯಾವ ಮರ, ಯಾವಾಗ ಕಟ್ಟಿದ್ದು ಅಂತ ಕೇಳಿ ಬರೆದಿಡೋದು. ಆ ಪದಗಳು ಹೋದರೆ ಯಾವ ಸಾಮಿಲ್ಲಿನಲ್ಲೂ ಸಿಗೋದಿಲ್ಲ. ಮೂರು, ಕೆತ್ತನೆ ಕಂಬ, ಬಾಗಿಲು ಚೌಕಟ್ಟು ಕೇಳಿಕೊಂಡು ಬರೋ ಹಳೇ ಸಾಮಾನಿನ ವ್ಯಾಪಾರಿಗೆ ಆತುರದಲ್ಲಿ ಕೊಡದೆ, ಹೊಸ ಮನೆಗೇ ಒಂದಾದರೂ ಕಂಬ, ಒಂದಾದರೂ ಬಾಗಿಲು ಉಳಿಸಿಕೊಳ್ಳೋದು. ಚೆನ್ನಾಗಿ ಒಣಗಿದ ಹಳೇ ಮರದ ಬಾಳಿಕೆ ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ.

ಕುವೆಂಪು ತಮ್ಮ ಮನೆಯನ್ನು ಪುಸ್ತಕದಲ್ಲಿ ಬರೆದಿಟ್ಟರು. ಅಂಥ ಮನೆಗಳಲ್ಲಿ ಚೆಂದ ಇದ್ದದ್ದನ್ನೂ ಬರೆದರು, ಅನ್ಯಾಯ ಇದ್ದದ್ದನ್ನೂ ಬರೆದರು. ನಮ್ಮ ಮನೆಗಳ ಕಥೆ ಬರೆದಿಡೋಕೆ ಮಹಾಕವಿಯೇ ಬೇಕಾಗಿಲ್ಲ. ಒಂದು ನೋಟ್ ಪುಸ್ತಕ, ಒಬ್ಬ ಅಜ್ಜ ಅಥವಾ ಅಜ್ಜಿ, ಒಂದು ಭಾನುವಾರ ಇದ್ದರೆ ಸಾಕು.